ಎಷ್ಟು ದೂರ ಎನ್ನುವ ಮೊದಲು ಯಾವ ಪ್ಲಗ್ಗು ಎಂದು ಕೇಳಿ

ವಿದ್ಯುತ್ ಸ್ಕೂಟರನ್ನೋ ಕಾರನ್ನೋ ಕೊಳ್ಳಲು ಹೊರಟವರು ಮೊದಲು ಕೇಳುವ ಪ್ರಶ್ನೆ ಬಹುಮಟ್ಟಿಗೆ ಒಂದೇ: ಒಂದು ಸಲ ಚಾರ್ಜ್ ಮಾಡಿದರೆ ಎಷ್ಟು ಕಿಲೋಮೀಟರ್ ಓಡುತ್ತದೆ? ಮಾರಾಟ ಮಳಿಗೆಗಳಲ್ಲಿ ಕೈಗೆ ಕೊಡುವ ಕರಪತ್ರಗಳಲ್ಲಿ ಇದಕ್ಕೆ ಉತ್ತರ ದಪ್ಪ ಅಕ್ಷರಗಳಲ್ಲಿರುತ್ತದೆ. ಅದರ ಕೆಳಗೆ ಇನ್ನೂ ಏಳೆಂಟು ಪ್ರಶ್ನೆಗಳು. ಮಳೆಯಲ್ಲಿ ಓಡಿಸಬಹುದೆ? ಶಾಕ್ ಹೊಡೆಯುವುದೆ? ಬ್ಯಾಟರಿ ಎಷ್ಟು ವರ್ಷ ಬಾಳುತ್ತದೆ? ಮನೆಯಲ್ಲೇ ಚಾರ್ಜ್ ಮಾಡಬಹುದೆ? ಈ ಕೊನೆಯ ಪ್ರಶ್ನೆಗೆ ಸಾಮಾನ್ಯವಾಗಿ ಒಂದೇ ಸಾಲಿನ ಉತ್ತರ: ಮೂರು ಪಿನ್ನಿನ ಸಾಕೆಟ್ಟು ಇದ್ದರೆ ಸಾಕು.

ಇಂಥ ಪ್ರಶ್ನೋತ್ತರಗಳನ್ನು ಶ್ರೀರಂಗಪಟ್ಟಣ, ಪಾಂಡವಪುರ, ಕೃಷ್ಣರಾಜಪೇಟೆ, ನಾಗಮಂಗಲ ತಾಲ್ಲೂಕುಗಳ ಓದುಗರ ಪರವಾಗಿ ಸ್ವಲ್ಪ ಒರೆಗೆ ಹಚ್ಚಿ ನೋಡೋಣ. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಕರಪತ್ರಗಳು ಉದ್ದುದ್ದ ಉತ್ತರ ಕೊಡುವ ಪ್ರಶ್ನೆಗಳು ನಮ್ಮ ಕಡೆ ಅಷ್ಟೇನೂ ಕಷ್ಟದವಲ್ಲ. ಒಂದೇ ಸಾಲಿನಲ್ಲಿ ಮುಗಿಸಿಬಿಡುವ ಪ್ರಶ್ನೆಯಲ್ಲಿಯೇ ನಿಜವಾದ ಕಷ್ಟವಿದೆ.

ಮೊದಲು ಆ ದಪ್ಪ ಅಕ್ಷರದ ಸಂಖ್ಯೆ. ನಮ್ಮಲ್ಲಿ ವಾಹನಗಳನ್ನು ರಸ್ತೆಯಲ್ಲಿ ಓಡಿಸಿ ಅಲ್ಲ, ಪ್ರಯೋಗಶಾಲೆಯ ಉರುಳೆಗಳ ಮೇಲೆ ನಿಗದಿತ ವೇಗಗಳಲ್ಲಿ ಓಡಿಸಿ ಅಳೆಯುತ್ತಾರೆ. ಜಾಹೀರಾತುಗಳಲ್ಲಿ ‘ಐ.ಡಿ.ಸಿ.’ ಎಂದು ಸಣ್ಣ ಅಕ್ಷರಗಳಲ್ಲಿ ಕಾಣುವುದು ಇಂಥದೊಂದು ಪರೀಕ್ಷೆ, ಭಾರತೀಯ ಚಾಲನಾ ಚಕ್ರ. ಅದರಲ್ಲಿ ವಾಹನದ ಗರಿಷ್ಠ ವೇಗ ಗಂಟೆಗೆ 42 ಕಿ.ಮೀ., ಸರಾಸರಿ ಸುಮಾರು 22 ಕಿ.ಮೀ. ಈ ವೇಗದಲ್ಲಿ ಪಾಂಡವಪುರದ ಪೇಟೆ ಬೀದಿಯಲ್ಲಿ ಹೋಗಬಹುದೇ ಹೊರತು ಹೆದ್ದಾರಿಯಲ್ಲಿ ಯಾರೂ ಹೋಗುವುದಿಲ್ಲ. ಸಂಖ್ಯೆ ಸುಳ್ಳಲ್ಲ, ಅದು ಬೇರೊಂದು ಪ್ರಶ್ನೆಗೆ ಉತ್ತರ.

ನೀವೇ ಲೆಕ್ಕ ಹಾಕಿ ನೋಡಬಹುದು. ಸವಾರನೂ ಸೇರಿ 200 ಕಿಲೋಗ್ರಾಮ್ ತೂಗುವ ಸ್ಕೂಟರನ್ನು ತೆಗೆದುಕೊಳ್ಳಿ. ಟೈರುಗಳು ಉರುಳುವಾಗಿನ ಘರ್ಷಣೆಯನ್ನು ಮೀರಲು ಸುಮಾರು 29 ನ್ಯೂಟನ್ ಬಲ ಬೇಕು. ಇದು ವೇಗದೊಡನೆ ಹೆಚ್ಚು ಬದಲಾಗುವುದಿಲ್ಲ. ಗಾಳಿಯ ತಡೆ ಹಾಗಲ್ಲ, ವೇಗದ ವರ್ಗದೊಡನೆ ಏರುತ್ತದೆ. ಗಂಟೆಗೆ 40 ಕಿ.ಮೀ. ವೇಗದಲ್ಲಿ ಅದು ಸುಮಾರು 41 ನ್ಯೂಟನ್, 60 ಕಿ.ಮೀ.ನಲ್ಲಿ 92. ಒಟ್ಟು ಬಲ ಮೊದಲನೆಯದರಲ್ಲಿ 70, ಎರಡನೆಯದರಲ್ಲಿ 121 ನ್ಯೂಟನ್. ಒಂದು ಕಿಲೋಮೀಟರ್ ದೂರಕ್ಕೆ ಬಲವನ್ನು ಗುಣಿಸಿದರೆ ಬೇಕಾದ ಶಕ್ತಿ ಸಿಗುತ್ತದೆ. ಮೋಟರು ಮತ್ತು ನಿಯಂತ್ರಕದಲ್ಲಿ ಶೇ. 20 ಶಕ್ತಿ ಶಾಖವಾಗಿ ಹೋಗುತ್ತದೆಂದು ಹಿಡಿದರೆ ಬ್ಯಾಟರಿಯಿಂದ ಖರ್ಚಾಗುವುದು ಕಿಲೋಮೀಟರಿಗೆ 24 ಮತ್ತು 42 ವ್ಯಾಟ್-ಗಂಟೆ. ಬ್ಯಾಟರಿ 3 ಯೂನಿಟ್ಟಿನದಾದರೆ 40ರ ವೇಗದಲ್ಲಿ 125 ಕಿ.ಮೀ., 60ರ ವೇಗದಲ್ಲಿ 71 ಕಿ.ಮೀ. ಅದೇ ಸ್ಕೂಟರು, ಅದೇ ಬ್ಯಾಟರಿ! ಇನ್ನೊಬ್ಬರನ್ನು ಹಿಂದೆ ಕೂರಿಸಿಕೊಂಡು 40ರಲ್ಲಿ ಹೋದರೂ ನೂರು ಕಿಲೋಮೀಟರ್ ದಾಟುತ್ತದೆ. ಹಿಂದೆ ಕೂತವರಿಗಿಂತ ವೇಗವೇ ದುಬಾರಿ ಎಂಬುದನ್ನು ಯಾವ ಕರಪತ್ರವೂ ಎದ್ದುಕಾಣುವಂತೆ ಹೇಳುವುದಿಲ್ಲ.

ಈಗ ನಮ್ಮ ದೂರಗಳನ್ನು ನೋಡಿ. ಶ್ರೀರಂಗಪಟ್ಟಣದಿಂದ ಮೈಸೂರಿಗೆ ಹದಿನೈದು ಕಿಲೋಮೀಟರ್ ಚಿಲ್ಲರೆ. ಪಾಂಡವಪುರದಿಂದ ಶ್ರೀರಂಗಪಟ್ಟಣಕ್ಕೆ ಅದಕ್ಕಿಂತಲೂ ಕಡಿಮೆ. ನಾಗಮಂಗಲದಿಂದ ಮಂಡ್ಯಕ್ಕೆ ಸುಮಾರು 40. ಹಾಲಿನ ಡೇರಿ, ಶಾಲೆ, ಸಂತೆ, ತಾಲ್ಲೂಕು ಕಚೇರಿಗಳ ಓಡಾಟ ದಿನಕ್ಕೆ ಮೂವತ್ತು ಕಿಲೋಮೀಟರ್ ಮೀರುವುದು ಅಪರೂಪ. 2023ರ ಮಾರ್ಚ್‌ನಲ್ಲಿ ಉದ್ಘಾಟನೆಯಾದ ಬೆಂಗಳೂರು-ಮೈಸೂರು ಹೆದ್ದಾರಿಯ ಮುಖ್ಯ ಪಥಗಳಲ್ಲಿ ಅದೇ ವರ್ಷ ಆಗಸ್ಟ್ 1ರಿಂದ ದ್ವಿಚಕ್ರ ವಾಹನಗಳಿಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ನಿಧಾನವಾಗಿ ಹೋಗಬೇಕಾದ ಸ್ಕೂಟರು ತಾನಾಗಿಯೇ ಹೆಚ್ಚು ದೂರ ಓಡುತ್ತದೆ. ಆದ್ದರಿಂದ ನಡುದಾರಿಯಲ್ಲಿ ನಿಂತುಹೋಗುವ ಭಯ ನಮ್ಮ ದಿನನಿತ್ಯದ ಬಳಕೆಗೆ ಅನ್ವಯಿಸುವುದಿಲ್ಲ. ಕೃಷ್ಣರಾಜಪೇಟೆಯಿಂದ ಚಿನಕುರಳಿ ದಾರಿಯಲ್ಲಿ ಮೈಸೂರಿಗೆ ಹೋಗಿ ಅದೇ ಚಾರ್ಜಿನಲ್ಲಿ ಹಿಂದಿರುಗುವೆ ಎನ್ನುವವರ ಮಾತು ಬೇರೆ. ಹೋಗಿಬರುವ ದೂರ ನೂರು ಕಿಲೋಮೀಟರ್ ಮೀರುತ್ತದೆ. ಬ್ಯಾಟರಿ ಹಳೆಯದಾಗಿ ಅದರ ಸಾಮರ್ಥ್ಯ ಶೇ. 80ಕ್ಕೆ ಇಳಿದ ಮೇಲೆ ಮೇಲಿನ ಸ್ಕೂಟರಿಗೆ ಅದು ಸಾಧ್ಯವಾಗದು. ಅಂಥವರು ಮೈಸೂರಿನಲ್ಲಿ ಎರಡು ಗಂಟೆ ಚಾರ್ಜ್ ಮಾಡುವ ಜಾಗವನ್ನು ಗೊತ್ತುಮಾಡಿಕೊಂಡೇ ವಾಹನ ಕೊಳ್ಳುವುದು ಒಳ್ಳೆಯದು.

ಬೆಟ್ಟದ ವಿಷಯದಲ್ಲಿಯೂ ಒಂದು ತಪ್ಪು ತಿಳಿವಳಿಕೆಯಿದೆ. ಮೇಲುಕೋಟೆ ಹತ್ತಿಸಿದರೆ ಬ್ಯಾಟರಿ ಬರಿದಾಗುತ್ತದೆ ಎನ್ನುವವರಿದ್ದಾರೆ. 200 ಕಿಲೋಗ್ರಾಮ್ ದ್ರವ್ಯರಾಶಿಯನ್ನು 100 ಮೀಟರ್ ಎತ್ತರಕ್ಕೇರಿಸಲು ಬೇಕಾದ ಶಕ್ತಿ ಸುಮಾರು 54 ವ್ಯಾಟ್-ಗಂಟೆ. 200 ಮೀಟರ್ ಏರಿದರೂ 109. ನಷ್ಟವನ್ನು ಸೇರಿಸಿದರೂ 3 ಯೂನಿಟ್ಟಿನ ಬ್ಯಾಟರಿಯಲ್ಲಿ ಶೇ. 5ಕ್ಕಿಂತ ಹೆಚ್ಚಾಗದು. ಇಳಿಯುವಾಗ ಮೋಟರು ಜನರೇಟರಿನಂತೆ ವರ್ತಿಸುವ ವಾಹನಗಳಲ್ಲಿ ಒಂದಿಷ್ಟು ಹಿಂದಕ್ಕೂ ಬರುತ್ತದೆ. ಹಾಗಾದರೆ ಬೆಟ್ಟದಲ್ಲಿ ಕೆಲವು ಸ್ಕೂಟರುಗಳು ಮುಗ್ಗರಿಸುವುದನ್ನು ಕಂಡವರು ಹೇಳುವುದು ಸುಳ್ಳೆ? ಅಲ್ಲ. ಅಲ್ಲಿ ಕೊರತೆ ಶಕ್ತಿಯದಲ್ಲ, ಸಾಮರ್ಥ್ಯದ್ದು. ನೋಂದಣಿ ಬೇಡ, ಲೈಸೆನ್ಸ್ ಬೇಡ ಎಂದು ಮಾರುವ, ಗಂಟೆಗೆ 25 ಕಿ.ಮೀ. ಮೀರದ ಸ್ಕೂಟರುಗಳ ಮೋಟರಿಗೆ ನಿಯಮದಂತೆ 250 ವ್ಯಾಟ್ ಮಿತಿ. ಹತ್ತಕ್ಕೆ ಒಂದರ ಏರಿನಲ್ಲಿ ಈ ವಾಹನವನ್ನು ಎಳೆಯಲು 220 ನ್ಯೂಟನ್‌ಗೂ ಹೆಚ್ಚು ಬಲ ಬೇಕು. 250ನ್ನು 220ರಿಂದ ಭಾಗಿಸಿ. ಸೆಕೆಂಡಿಗೆ ಒಂದು ಮೀಟರಿಗಿಂತ ತುಸು ಹೆಚ್ಚು, ಅಂದರೆ ನಡೆಯುವ ವೇಗ! ಮೋಟರು ಸ್ವಲ್ಪ ಹೊತ್ತು ಹೆಚ್ಚು ಸಾಮರ್ಥ್ಯ ಕೊಡಬಲ್ಲದು, ಆದರೆ ಕಾಯುತ್ತದೆ. ಶಕ್ತಿ ಮತ್ತು ಸಾಮರ್ಥ್ಯಗಳ ವ್ಯತ್ಯಾಸವನ್ನು ಪ್ರೌಢಶಾಲೆಯಲ್ಲಿ ಕಲಿಸುತ್ತೇವೆ, ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಕೇಳುತ್ತೇವೆ. ಅಂಗಡಿಯಲ್ಲಿ ನಿಂತಾಗ ಅದು ನೆನಪಿಗೆ ಬರುವುದಿಲ್ಲ.

ಮಳೆ, ನೀರು, ಶಾಕ್‌ಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಬ್ಯಾಟರಿಯ ಪೆಟ್ಟಿಗೆಯನ್ನು ನೀರು ಹೊಗದಂತೆ ಮುಚ್ಚಿರುತ್ತಾರೆ. ಕಾರುಗಳಲ್ಲಿ ಹೆಚ್ಚು ವೋಲ್ಟೇಜಿನ ತಂತಿಗಳಿಗೂ ಕಾರಿನ ಲೋಹದ ಮೈಗೂ ಸಂಪರ್ಕವಿರುವುದಿಲ್ಲ; ಸೋರಿಕೆ ಕಂಡರೆ ವ್ಯವಸ್ಥೆ ತಾನೇ ಕಡಿದುಕೊಳ್ಳುತ್ತದೆ. ಹಳ್ಳ ತುಂಬಿ ಹರಿಯುವಾಗ ದಾಟಬಾರದೆಂಬುದು ಪೆಟ್ರೋಲ್ ವಾಹನಕ್ಕೂ ಇರುವ ನಿಯಮ. ವೇಗದ ಚಾರ್ಜಿಂಗ್ ಕೇಂದ್ರಗಳಲ್ಲಿ ಶೇ. 80ರವರೆಗೆ ಮಾತ್ರ ಸಮಯ ಹೇಳುತ್ತಾರೇಕೆ ಎಂದು ಹಲವರು ಅನುಮಾನಿಸುತ್ತಾರೆ. ಇದರಲ್ಲಿ ಮೋಸವಿಲ್ಲ. ವೈರಮುಡಿಯ ದಿನದ ಬಸ್ಸನ್ನು ನೆನೆಸಿಕೊಳ್ಳಿ. ಮೊದಲು ಬಂದವರು ಸರಾಗವಾಗಿ ಹತ್ತಿ ಸೀಟು ಹಿಡಿಯುತ್ತಾರೆ, ಕೊನೆಯವರು ಜಾಗ ಹುಡುಕಿಕೊಂಡು ಒಬ್ಬೊಬ್ಬರಾಗಿ ತೂರಿಕೊಳ್ಳಬೇಕು. ಲಿಥಿಯಂ ಅಯಾನುಗಳು ಗ್ರಾಫೈಟಿನ ಪದರಗಳ ನಡುವೆ ಸೇರಿಕೊಳ್ಳುವುದೂ ಹೀಗೆಯೇ. ಕೊನೆಯಲ್ಲಿ ಅವಸರಪಡಿಸಿದರೆ ಅಯಾನುಗಳು ಒಳಹೋಗದೆ ಹೊರಮೈಯಲ್ಲೇ ಲೋಹವಾಗಿ ಕೂತು ಬ್ಯಾಟರಿಯನ್ನು ಕೆಡಿಸುತ್ತವೆ.

ಇನ್ನು ಮೂರು ಪಿನ್ನಿನ ಸಾಕೆಟ್ಟಿನ ವಿಷಯ.

ಮಂಡ್ಯ ಜಿಲ್ಲೆಗೆ ವಿದ್ಯುತ್ತು ಹೊಸದಲ್ಲ. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ 1902ರಲ್ಲೇ ವಿದ್ಯುದಾಗಾರ ಆರಂಭವಾಯಿತು. ಕನ್ನಂಬಾಡಿ ಕಟ್ಟೆಯನ್ನು ಕಟ್ಟುವ ಉದ್ದೇಶಗಳಲ್ಲಿ ಆ ವಿದ್ಯುದಾಗಾರಕ್ಕೆ ವರ್ಷವಿಡೀ ನೀರು ಒದಗಿಸುವುದೂ ಒಂದಾಗಿತ್ತು. ಆದರೆ ಆ ವಿದ್ಯುತ್ತು ಮೊದಲು ಹೋದದ್ದು ಕೋಲಾರದ ಚಿನ್ನದ ಗಣಿಗಳಿಗೆ. ಹಳ್ಳಿಯ ಮನೆಗಳಿಗೆ ಅದು ಬಂದದ್ದು ಎಷ್ಟೋ ದಶಕಗಳ ನಂತರ. ಬಂದಾಗಲೂ ನಡುಮನೆಗೊಂದು, ಅಡುಗೆಮನೆಗೊಂದು ಬಲ್ಬು ಎಂಬ ಲೆಕ್ಕದಲ್ಲಿ. ‘ಭಾಗ್ಯಜ್ಯೋತಿ’ ಮನೆಗಳಿಗೆ ಒಂದೇ ದೀಪ. ಆಮೇಲೆ ಫ್ಯಾನು, ಟಿ.ವಿ., ಮಿಕ್ಸಿ, ಫ್ರಿಜ್ಜುಗಳು ಅದೇ ತಂತಿಗಳ ಮೇಲೆ ಒಂದೊಂದಾಗಿ ಕೂತವು. ಮಿಕ್ಸಿ ಐದು ನಿಮಿಷ ಓಡುತ್ತದೆ. ಕಾರಿನ ಚಾರ್ಜರು 13 ಆಂಪಿಯರ್ ಎಳೆಯುತ್ತ ಎಂಟು ಹತ್ತು ಗಂಟೆ ಓಡುತ್ತದೆ. ಕರಪತ್ರ ಬರೆದವರು ನಗರದ ಹೊಸ ಮನೆಯನ್ನು ಕಣ್ಣಮುಂದಿಟ್ಟುಕೊಂಡು ಬರೆದಿದ್ದಾರೆ. ನಮ್ಮ ಹಳೆಯ ಹೆಂಚಿನ ಮನೆಯನ್ನಲ್ಲ.

ಪ್ಲಗ್ಗಿನ ಪಿನ್ನು ಸಾಕೆಟ್ಟಿನೊಳಗೆ ಸಡಿಲವಾಗಿದ್ದು ಅಲ್ಲಿ 0.1 ಓಮ್ ರೋಧವಿದೆ ಎಂದುಕೊಳ್ಳಿ. ಸ್ಕೂಟರಿನ 750 ವ್ಯಾಟ್ ಚಾರ್ಜರಿಗೆ 3.3 ಆಂಪಿಯರ್ ಬೇಕು. ಆ ಸಂಪರ್ಕದಲ್ಲಿ ಹುಟ್ಟುವ ಶಾಖ ಪ್ರವಾಹದ ವರ್ಗವನ್ನು ರೋಧದಿಂದ ಗುಣಿಸಿದಷ್ಟು, ಸುಮಾರು 1 ವ್ಯಾಟ್. ಕಾರಿನ 13 ಆಂಪಿಯರಿಗೆ ಅದೇ ಸಡಿಲ ಸಂಪರ್ಕದಲ್ಲಿ 17 ವ್ಯಾಟ್. ಹೆಬ್ಬೆರಳಿನಷ್ಟು ಜಾಗದಲ್ಲಿ 17 ವ್ಯಾಟ್ ಶಾಖ ರಾತ್ರಿಯೆಲ್ಲ ಹುಟ್ಟಿದರೆ ಸಾಕೆಟ್ಟು ಕಂದು ಬಣ್ಣಕ್ಕೆ ತಿರುಗಿ ಕರಗತೊಡಗುತ್ತದೆ. ಸ್ಕೂಟರಿಗೆ ಪರವಾಗಿಲ್ಲ ಎನ್ನಿಸಿದ ಸಾಕೆಟ್ಟು ಕಾರಿಗೆ ಏಕೆ ಸಲ್ಲದು ಎಂಬುದು ಇದರಿಂದ ಸ್ಪಷ್ಟವಾಗುತ್ತದೆ. ಕಾರಿಗೆ ಮೀಟರ್ ಬೋರ್ಡಿನಿಂದಲೇ ಪ್ರತ್ಯೇಕವಾಗಿ ಎಳೆದ, 4 ಚದರ ಮಿಲಿಮೀಟರ್ ಅಡ್ಡಕೊಯ್ತದ ತಾಮ್ರದ ತಂತಿ ಬೇಕು. ಮಂಜೂರಾದ ಲೋಡ್ ಒಂದು ಕಿಲೋವ್ಯಾಟ್ ಇರುವ ಮನೆಯವರು ಚಾಮುಂಡೇಶ್ವರಿ ವಿದ್ಯುತ್ ಸರಬರಾಜು ನಿಗಮದಲ್ಲಿ ಅದನ್ನು ಹೆಚ್ಚಿಸಿಕೊಳ್ಳಬೇಕು. ಎಕ್ಸ್‌ಟೆನ್ಷನ್ ಬಾಕ್ಸನ್ನಂತೂ ಕಾರಿಗೆ ಬಳಸಲೇಬಾರದು.

ಸಾಲಿನ ಕೊನೆಯ ಮನೆಗಳಲ್ಲಿ ಸಂಜೆ ಹೊತ್ತು ವೋಲ್ಟೇಜು 230ರಿಂದ 180ಕ್ಕೆ ಬೀಳುವುದುಂಟು. ಬಲ್ಬಾದರೆ ಮಂಕಾಗಿ ಉರಿದು ಸುಮ್ಮನಾಗುತ್ತದೆ. ಚಾರ್ಜರು ಹಾಗಲ್ಲ. ಕೆಲವು ಚಾರ್ಜರುಗಳು ಅಷ್ಟೇ ಸಾಮರ್ಥ್ಯ ಕೊಡಲೆಂದು ಹೆಚ್ಚು ಪ್ರವಾಹ ಎಳೆಯುತ್ತವೆ. ತಂತಿಯಲ್ಲಿ ಹುಟ್ಟುವ ಶಾಖ ಆಗ ಶೇ. 63ರಷ್ಟು ಹೆಚ್ಚುತ್ತದೆ. ಇನ್ನು ಕೆಲವು ಪ್ರವಾಹಕ್ಕೆ ಮಿತಿ ಹಾಕಿಕೊಂಡು ನಿಧಾನವಾಗುತ್ತವೆ, ಇಲ್ಲವೆ ನಿಂತುಬಿಡುತ್ತವೆ. ಬೆಳಿಗ್ಗೆ ಎದ್ದು ಅರ್ಧ ಚಾರ್ಜಾದ ಗಾಡಿಯನ್ನು ಕಂಡವರು ಕಂಪನಿಯನ್ನು ಬೈಯುತ್ತಾರೆ. ರಾತ್ರಿ ಹತ್ತರ ನಂತರ ಚಾರ್ಜಿಗೆ ಹಾಕಿದರೆ ತೊಂದರೆ ಬಹುಪಾಲು ತಪ್ಪುತ್ತದೆ.

ಎಲ್ಲಕ್ಕಿಂತ ಮುಖ್ಯವಾದದ್ದು ಮೂರನೆಯ ಪಿನ್ನು, ಅರ್ಥಿಂಗ್. ಚಾರ್ಜಿಗೆ ಹಾಕಿದಾಗ ಗಾಡಿಯ ಲೋಹದ ಭಾಗ ಮುಟ್ಟಿದರೆ ಜುಮ್ಮೆನ್ನುತ್ತದೆ ಎಂಬ ದೂರನ್ನು ನೀವೂ ಕೇಳಿರಬಹುದು. ಚಾರ್ಜರಿನೊಳಗೆ ವಿದ್ಯುತ್ ಗದ್ದಲವನ್ನು ಸೋಸುವ ಪುಟ್ಟ ಧಾರಕಗಳಿರುತ್ತವೆ. ಅವುಗಳ ಮೂಲಕ ಅತ್ಯಲ್ಪ ಪ್ರವಾಹ ಲೋಹದ ಹೊರಮೈಗೆ ಬರುತ್ತದೆ. ಅರ್ಥಿಂಗ್ ಸರಿಯಿದ್ದರೆ ಅದು ನೆಲಕ್ಕೆ ಹರಿದುಹೋಗುತ್ತದೆ. ಇಲ್ಲವಾದರೆ ನಿಮ್ಮ ಕೈಯ ಮೂಲಕ ಹರಿಯುತ್ತದೆ. ಆ ಜುಮ್ಮೆನ್ನುವಿಕೆಯಿಂದ ಅಪಾಯವಿಲ್ಲ. ಆದರೆ ಮೂರನೆಯ ಪಿನ್ನು ಎಲ್ಲಿಗೂ ಸೇರಿಲ್ಲ ಎಂಬ ಸೂಚನೆ ಅದು. ಕಾರಿನ ಚಾರ್ಜರು ಇನ್ನೂ ಖಂಡಿತ. ಅರ್ಥಿಂಗ್ ಇಲ್ಲದಿದ್ದರೆ ಕೆಂಪು ದೀಪ ತೋರಿಸಿ ಚಾರ್ಜ್ ಮಾಡಲು ನಿರಾಕರಿಸುತ್ತದೆ. ಇಲ್ಲಿಯೇ ಬಹು ಅಪಾಯಕಾರಿಯಾದ ಒಂದು ‘ಉಪಾಯ’ ಬಳಕೆಯಲ್ಲಿದೆ. ಸಾಕೆಟ್ಟಿನ ಹಿಂಬದಿಯಲ್ಲಿ ನ್ಯೂಟ್ರಲ್ ತಂತಿಯಿಂದ ಅರ್ಥ್ ಪಿನ್ನಿಗೆ ಒಂದು ತುಂಡು ತಂತಿ ಕಟ್ಟಿಬಿಡುವುದು! ಕೆಂಪು ದೀಪ ಹೋಗುತ್ತದೆ, ಗಾಡಿ ಚಾರ್ಜಾಗುತ್ತದೆ, ಎಲ್ಲರಿಗೂ ಸಮಾಧಾನ. ಮುಂದೊಂದು ದಿನ ಗಾಳಿಮಳೆಗೆ ಕಂಬದ ಮೇಲೆ ನ್ಯೂಟ್ರಲ್ ತಂತಿ ಕಡಿದರೆ ಇಡೀ 230 ವೋಲ್ಟ್ ಗಾಡಿಯ ಮೈಗೆ ಬರುತ್ತದೆ. ಹೀಗೆ ಮಾಡಿಕೊಡುತ್ತೇನೆ ಎನ್ನುವವರನ್ನು ದಯವಿಟ್ಟು ಮನೆಯೊಳಗೆ ಬಿಟ್ಟುಕೊಳ್ಳಬೇಡಿ.

ಫೇಸಿಗೂ ಅರ್ಥ್ ಪಿನ್ನಿಗೂ ನಡುವೆ 100 ವ್ಯಾಟ್ ಬಲ್ಬು ಹಿಡಿದು, ಅದು ಉರಿದರೆ ಅರ್ಥಿಂಗ್ ಚೆನ್ನಾಗಿದೆ ಎನ್ನುವುದು ಹಳೆಯ ಪದ್ಧತಿ. ವೈರ್‌ಮನ್ ಅಲ್ಲದವರು ಇದನ್ನು ಮಾಡಬಾರದು. ಮಾಡಿದರೂ ಅದು ಪೂರ್ತಿ ನಂಬಬಹುದಾದ ಪರೀಕ್ಷೆಯಲ್ಲ. ಅರ್ಥ್ ಗುಂಡಿಯ ರೋಧ 100 ಓಮ್ ಇದ್ದರೂ ಬಲ್ಬಿಗೆ ನಷ್ಟವಾಗುವುದು ಸುಮಾರು 37 ವೋಲ್ಟ್ ಮಾತ್ರ. ಸ್ವಲ್ಪ ಮಂಕಾಗಿ ಉರಿಯುತ್ತದೆ. ಮೇಲೆ ಹೇಳಿದ ತುಂಡು ತಂತಿಯಿದ್ದರಂತೂ ಧಗಧಗ ಉರಿಯುತ್ತದೆ! ಆ 100 ಓಮ್ ಗುಂಡಿಯನ್ನೇ ನಂಬಿಕೊಂಡಾಗ ಫೇಸ್ ತಂತಿ ಲೋಹದ ಮೈಗೆ ತಗುಲಿದರೆ ಏನಾಗುತ್ತದೆ? ನೆಲಕ್ಕೆ ಹರಿಯುವುದು ಹೆಚ್ಚೆಂದರೆ 2.3 ಆಂಪಿಯರ್. 16 ಆಂಪಿಯರಿನ ಎಂ.ಸಿ.ಬಿ. ಅದನ್ನು ಗಮನಿಸುವುದೇ ಇಲ್ಲ. ಗಾಡಿಯ ಮೈಯಲ್ಲಿ ವಿದ್ಯುತ್ತು ಹಾಗೆಯೇ ಕೂತಿರುತ್ತದೆ. ಗುಂಡಿಯ ರೋಧ 5 ಓಮ್ ಆಗಿದ್ದರೆ, ಟ್ರಾನ್ಸ್‌ಫಾರ್ಮರ್ ಬದಿಯ ರೋಧವನ್ನು ಬಿಟ್ಟು ಲೆಕ್ಕ ಹಾಕಿದಾಗ, 46 ಆಂಪಿಯರ್ ಹರಿದು ಎಂ.ಸಿ.ಬಿ. ಬೀಳುತ್ತದೆ. ಇದರ ಜೊತೆಗೆ 30 ಮಿಲಿಆಂಪಿಯರ್ ಸೋರಿಕೆಗೇ ಕಡಿದುಕೊಳ್ಳುವ ಆರ್.ಸಿ.ಸಿ.ಬಿ. ಹಾಕಿಸಿದರೆ ಭಯವಿಲ್ಲ. ಗಾಡಿಯ ಬೆಲೆಯ ಮುಂದೆ ಇದರ ಬೆಲೆ ಏನೂ ಅಲ್ಲ.

ನಾಲ್ಕು ತಾಲ್ಲೂಕುಗಳ ನೆಲವೂ ಇಲ್ಲಿ ಲೆಕ್ಕಕ್ಕೆ ಬರುತ್ತದೆ. ಶ್ರೀರಂಗಪಟ್ಟಣ, ಪಾಂಡವಪುರಗಳ ನಾಲೆಯ ಬಯಲಿನಲ್ಲಿ ಮಣ್ಣು ವರ್ಷದ ಬಹುಭಾಗ ತೇವವಾಗಿರುತ್ತದೆ. ತೇವದ ಮಣ್ಣು ವಿದ್ಯುತ್ತನ್ನು ಸುಲಭವಾಗಿ ಹರಿಯಗೊಡುತ್ತದೆ. ನಾಗಮಂಗಲದ ಬಹುಪಾಲು ಮತ್ತು ಕೃಷ್ಣರಾಜಪೇಟೆಯ ಮಳೆಯಾಶ್ರಿತ ಭಾಗಗಳಲ್ಲಿ ಬೇಸಿಗೆಯ ಹೊತ್ತಿಗೆ ಕೆಂಪು ಮಣ್ಣು ಒಣಗಿ ಬಿರುಸಾಗುತ್ತದೆ. ಮಳೆಗಾಲದಲ್ಲಿ ಸರಿಯಿದ್ದ ಗುಂಡಿ ಏಪ್ರಿಲಿನಲ್ಲಿ ಕೈಕೊಡಬಹುದು. ಇದ್ದಿಲು, ಉಪ್ಪು ಹಾಕಿ ಗುಂಡಿ ಮಾಡಿಸಿದ ಮೇಲೂ ಬೇಸಿಗೆಯಲ್ಲಿ ನೀರು ಹಾಕುತ್ತಿರಬೇಕು. ಅರ್ಥ್ ಟೆಸ್ಟರಿನಿಂದ ಅಳೆಸುವುದಾದರೆ ಬೇಸಿಗೆಯಲ್ಲಿಯೇ ಅಳೆಸಿ.

ತೋಟದ ಮನೆಯವರಿಗೆ ಒಂದು ಮಾತು. ಪಂಪ್‌ಸೆಟ್ಟಿನ ಸಾಲಿನಿಂದ ಗಾಡಿಗೆ ಚಾರ್ಜ್ ಮಾಡುವ ಆಸೆ ಸಹಜ. ನೀರಾವರಿಗೆಂದು ಉಚಿತವಾಗಿ ಕೊಟ್ಟ ವಿದ್ಯುತ್ತನ್ನು ಬೇರೆಯದಕ್ಕೆ ಬಳಸುವುದು ನಿಯಮಕ್ಕೆ ವಿರುದ್ಧ ಎಂಬುದು ಹಾಗಿರಲಿ. ಒಂದೇ ಫೇಸ್ ಇರುವಾಗ ಮೂರು ಫೇಸಿನ ಮೋಟರು ಓಡಿಸಲು ಕಂಡೆನ್ಸರ್ ಕಟ್ಟಿರುವ ಕಡೆಗಳಲ್ಲಿ ವೋಲ್ಟೇಜು ಒಂದೊಂದು ತಂತಿಯಲ್ಲಿ ಒಂದೊಂದು ರೀತಿ ಇರುತ್ತದೆ; ಮೋಟರು ನಿಂತ ಕ್ಷಣ ಜಿಗಿಯುತ್ತದೆ. ಮೋಟರು ಇದನ್ನು ಸಹಿಸಿಕೊಳ್ಳಬಹುದು, ಅರೆವಾಹಕಗಳಿಂದ ಮಾಡಿದ ಚಾರ್ಜರು ಸಹಿಸದು. ‘ನಿರಂತರ ಜ್ಯೋತಿ’ ಯೋಜನೆಯಲ್ಲಿ ಮನೆಗಳ ಸಾಲನ್ನು ಪಂಪ್‌ಸೆಟ್ಟಿನ ಸಾಲಿನಿಂದ ಬೇರ್ಪಡಿಸಿರುವ ಊರುಗಳಲ್ಲಿ ಊರೊಳಗಿನ ಮನೆಯಿಂದಲೇ ಚಾರ್ಜ್ ಮಾಡುವುದು ಮೇಲು.

ಚಾರ್ಜ್ ಮಾಡುವ ಜಾಗದ ಬಗ್ಗೆ. 2022ರಲ್ಲಿ ದೇಶದ ಹಲವೆಡೆ ವಿದ್ಯುತ್ ಸ್ಕೂಟರುಗಳಿಗೆ ಬೆಂಕಿ ಹತ್ತಿದ ಮೇಲೆ ಬ್ಯಾಟರಿ ಸುರಕ್ಷತೆಯ ಎ.ಐ.ಎಸ್. 156 ಮಾನಕವನ್ನು ಬಿಗಿಗೊಳಿಸಿದರು. ತಿದ್ದುಪಡಿಗಳು 2022ರ ಡಿಸೆಂಬರ್ ಮತ್ತು 2023ರ ಮಾರ್ಚ್‌ನಲ್ಲಿ ಎರಡು ಹಂತಗಳಾಗಿ ಜಾರಿಗೆ ಬಂದವು. ಅದಕ್ಕಿಂತ ಹಿಂದಿನ ಸೆಕೆಂಡ್‌ಹ್ಯಾಂಡ್ ಗಾಡಿ ಕೊಳ್ಳುವವರು ಎರಡು ಸಲ ಯೋಚಿಸಬೇಕು. ಯಾವುದೇ ಗಾಡಿಯಾಗಲಿ, ಹುಲ್ಲಿನ ಮೆದೆ ಒರಗಿರುವ ಕೊಟ್ಟಿಗೆಯಲ್ಲಿ, ಮಲಗುವ ಕೋಣೆಯಲ್ಲಿ, ಮನೆಯಿಂದ ಹೊರಬರುವ ಒಂದೇ ಬಾಗಿಲಿನ ಬಳಿ ಚಾರ್ಜಿಗೆ ಹಾಕಬೇಡಿ. ಬಿಸಿಲಿನಲ್ಲಿ ಓಡಿಸಿಕೊಂಡು ಬಂದ ತಕ್ಷಣವೂ ಬೇಡ. ಅರ್ಧ ಗಂಟೆ ನೆರಳಿನಲ್ಲಿ ತಣಿಯಲಿ.

ಖರ್ಚಿನ ವಿಷಯದಲ್ಲಿ ಕರಪತ್ರದ ಪೈಸೆಯ ಲೆಕ್ಕ ಸರಿಯಾಗಿಯೇ ಇರುತ್ತದೆ, ಒಂದು ಅಂಶದ ಹೊರತು. ದಿನಕ್ಕೆ 30 ಕಿ.ಮೀ. ಓಡುವ ಸ್ಕೂಟರಿಗೆ ತಿಂಗಳಿಗೆ ಸುಮಾರು 30 ಯೂನಿಟ್ ಬೇಕು. ಯೂನಿಟ್ಟಿಗೆ 6 ರೂಪಾಯಿ ಎಂದರೆ 180 ರೂಪಾಯಿ. ಆದರೆ 2023ರ ಆಗಸ್ಟ್‌ನಿಂದ ಬಂದ ಗೃಹಜ್ಯೋತಿಯ ಮನೆಗಳಲ್ಲಿ ಲೆಕ್ಕ ಬೇರೆಯಾಗುತ್ತದೆ. ಆ ಯೋಜನೆಯ ಮೂಲ ನಿಯಮದಂತೆ 2022-23ರ ಸರಾಸರಿ ಬಳಕೆಗೆ ಶೇ. 10 ಸೇರಿಸಿದಷ್ಟು ಉಚಿತ; 200 ಯೂನಿಟ್ ಮೀರಿದರೆ ಪೂರ್ತಿ ಬಿಲ್ಲು ಕಟ್ಟಬೇಕು. ಸರಾಸರಿ 70 ಯೂನಿಟ್ ಬಳಸುವ ಮನೆ 23 ಯೂನಿಟ್ಟಿಗೆ ಮಾತ್ರ ಹಣ ಕೊಡುತ್ತದೆ. 185 ಬಳಸುವ ಮನೆ 215ಕ್ಕೆ ಹೋಗಿ, ಹಿಂದೆ ಏನೂ ಕಟ್ಟದಿದ್ದದ್ದು ಈಗ ಸುಮಾರು 1,290 ರೂಪಾಯಿ ಕಟ್ಟಬೇಕಾಗುತ್ತದೆ, ಸ್ಥಿರ ಶುಲ್ಕ ಬಿಟ್ಟು. ಆ ಮನೆಯ ಸ್ಕೂಟರಿಗೆ ಕಿಲೋಮೀಟರಿಗೆ ಬೀಳುವುದು 20 ಪೈಸೆಯಲ್ಲ, ಒಂದೂವರೆ ರೂಪಾಯಿ. ಪೆಟ್ರೋಲ್ ಸ್ಕೂಟರಿಗೆ ಹೆಚ್ಚು ದೂರವಿಲ್ಲ. ಕೊಳ್ಳುವ ಮೊದಲು ಕಳೆದ ವರ್ಷದ ಬಿಲ್ಲುಗಳನ್ನು ಹುಡುಕಿ ನೋಡಿ.

ಕರಪತ್ರಗಳು ಕೇಳದೆ ಬಿಟ್ಟ ಇನ್ನೊಂದು ಪ್ರಶ್ನೆ: ಸ್ವಂತ ಸಾಕೆಟ್ಟೇ ಇಲ್ಲದವರ ಗತಿಯೇನು? ಬಾಡಿಗೆ ಮನೆಯವರು, ಪಾಂಡವಪುರ ರೈಲು ನಿಲ್ದಾಣದ ಮುಂದೆ ನಿಲ್ಲುವ ಆಟೋದವರು, ಬೀದಿಯಲ್ಲಿ ಗಾಡಿ ನಿಲ್ಲಿಸುವವರು. 2017ರಲ್ಲಿ ವಿದ್ಯುತ್ ವಾಹನ ನೀತಿಯನ್ನು ದೇಶದಲ್ಲಿ ಮೊದಲು ತಂದ ರಾಜ್ಯ ನಮ್ಮದು. ಚಾರ್ಜಿಂಗ್ ಕೇಂದ್ರಗಳು ಬಂದದ್ದು ಮಾತ್ರ ಹೆಚ್ಚಾಗಿ ನಗರಗಳಲ್ಲಿ, ಹೆದ್ದಾರಿಯ ಹೋಟೆಲುಗಳ ಅಂಗಳದಲ್ಲಿ. ಕಿಕ್ಕೇರಿಗೋ ಬೆಳ್ಳೂರಿಗೋ ಬೇಕಾದದ್ದು ಲಕ್ಷಾಂತರ ರೂಪಾಯಿಯ ವೇಗದ ಯಂತ್ರವೇ ಆಗಬೇಕಿಲ್ಲ. ಮೂರು ಗಂಟೆ ಸಂತೆಯಲ್ಲಿ, ಆಸ್ಪತ್ರೆಯಲ್ಲಿ, ಕಚೇರಿಯಲ್ಲಿ ಕಳೆಯುವವರ ಸ್ಕೂಟರಿಗೆ 16 ಆಂಪಿಯರಿನ ನಾಲ್ಕು ಸಾಕೆಟ್ಟು, ಒಂದು ಮೀಟರು, ಒಂದು ಆರ್.ಸಿ.ಸಿ.ಬಿ., ಮೇಲೊಂದು ತಗಡಿನ ಮಾಡು ಸಾಕು. ಚಾರ್ಜಿಂಗ್ ಕೇಂದ್ರಗಳಿಗೆ ಪ್ರತ್ಯೇಕ ವಿದ್ಯುತ್ ದರವೂ ಇದೆ. ಪಂಚಾಯಿತಿಯವರೋ ಹಾಲಿನ ಸಂಘದವರೋ ಇದನ್ನು ಮಾಡಬಹುದು. ಪಕ್ಕದಲ್ಲಿ ಒಳ್ಳೆಯದೊಂದು ಅರ್ಥ್ ಗುಂಡಿ ತೋಡಿಸಬೇಕು; ಬೇಸಿಗೆಯಲ್ಲಿ ಅದಕ್ಕೆ ನೀರು ಹಾಕುವವರು ಯಾರು ಎಂಬುದನ್ನೂ ಆಗಲೇ ಗೊತ್ತುಮಾಡಿಕೊಳ್ಳಬೇಕು.